ಕೋಡಿಂಬಾಳದಲ್ಲಿ ಉದ್ದದ ಪದ

ಕಡಬ ಪೇಟೆಯಲ್ಲಿ ಆಗ ಇದ್ದದ್ದು ಒಂದೇ ಮೈಕ್ ಸೆಟ್, ಅದು ಅಲಿ ಕುಂಞಿಯದು. ಮದುವೆಯಿರಲಿ, ಮನೆ ಒಕ್ಕಲಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಅವನ ಅಗಲ ಬಾಯಿಯ ಎರಡು ಹಾರ್ನುಗಳು ಯಾವುದಾದರೂ ಹಲಸಿನ ಮರ ಹತ್ತಿ ಕುಳಿತ ಮೇಲೆಯೇ ಕಾರ್ಯಕ್ರಮ ಶುರುವಾಯಿತೆಂದು ಊರವರ ಲೆಕ್ಕ. ಕರೆಂಟು ಬಾರದ ಮನೆಗಳೇ ಹೆಚ್ಚು. ಹಾಗಾಗಿ ಡ್ರೈವರ್ ಬೋಜನ ಜೀಪಿನಲ್ಲಿ ಆಂಪ್ಲಿಫೈಯರ್, ರೆಕಾರ್ಡ್ ತಿರುಗಿಸುವ ಪೆಟ್ಟಿಗೆ, ಹಾರ್ನುಗಳ ಜೊತೆ ದೊಡ್ಡ ಬ್ಯಾಟರಿಯೂ ಹೋಗುತ್ತಿತ್ತು. ಮೊದಲು ಒಂದು ದೇವರ ಹಾಡು, ಆಮೇಲೆ ಸಿನಿಮಾ ಹಾಡುಗಳು. ನಡುನಡುವೆ 'ಹಲೋ, ಮೈಕ್ ಟೆಸ್ಟಿಂಗ್' ಎಂದು ಹೇಳುವಾಗ ಅಲಿ ಕುಂಞಿಯ ಮುಖದಲ್ಲಿ ಒಂದು ಗತ್ತು ಬರುತ್ತಿತ್ತು. ಅಷ್ಟು ಗತ್ತು ತಹಶೀಲ್ದಾರರಿಗೂ ಇರಲಿಲ್ಲ.

ಇಂಥ ಅಲಿ ಕುಂಞಿಗೆ ನಲವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ಸರಕು ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅವನ ಹೆಂಡತಿಯ ತಮ್ಮ ಹಸನಬ್ಬ ರಜೆಗೆ ಬಂದಿದ್ದ. ಅಕ್ಕನಿಗೆ ಸೆಂಟು ಬಾಟ್ಲಿ, ಮಕ್ಕಳಿಗೆ ಚಾಕಲೇಟು, ಭಾವನಿಗೆ ಒಂದು ಇಂಗ್ಲಿಷ್ ರೆಕಾರ್ಡು. ರೆಕಾರ್ಡಿನ ಹೊದಿಕೆಯ ಮೇಲೆ ಹೆಸರೂ ಇಲ್ಲ, ಹಾಡುವವರ ಮುಖವೂ ಇಲ್ಲ. ಒಂದು ಬೋಳು ಗುಡ್ಡದ ನೆತ್ತಿಯಲ್ಲಿ ಒಂದು ತಿಮಿಂಗಿಲ ಆರಾಮವಾಗಿ ಮಲಗಿತ್ತು. ಬಿಡಿಸಿದರೆ ಒಳಗೆ ಐದು ಮಂದಿ ಉದ್ದ ಕೂದಲಿನ ಇಂಗ್ಲಿಷರು ಹುಲ್ಲುಗಾವಲಿನಲ್ಲಿ ಒಂದು ದನದ ಜೊತೆ ನಿಂತಿದ್ದರು. ಮನೆಗೆ ಬಂದವರು ಆ ಚಿತ್ರ ನೋಡಿ ದನದ ಬಗ್ಗೆ ಮಾತ್ರ ವಿಚಾರಿಸುತ್ತಿದ್ದರು.

"ಇವರ ಹೆಸರು ಮಾರ್ಶ್ ಲ್ಯಾಂಟರ್ನ್ ಅಂತ ಭಾವ" ಎಂದ ಹಸನಬ್ಬ. "ಅಲ್ಲಿ ಇದಕ್ಕೆ ಪ್ರೊಗ್ರೆಸಿವ್ ರಾಕ್ ಅಂತ ಹೇಳುದು. ಒಂದು ಇಡೀ ಬದಿಗೆ ಒಂದೇ ಪದ, ಒಂದೇ ಹಾಡು, ಇಪ್ಪತ್ತೈದು ನಿಮಿಷ. ನಮ್ಮ ಹಡಗಿನ ಇಂಜಿನ್ ರೂಮಿನ ಹುಡುಗರು ಇದನ್ನು ಕೇಳ್ತಾ ಊಟ ಸಹ ಬಿಡ್ತಿದ್ರು. ನನಗೆ ಒಂದೂ ಅರ್ಥ ಆಗ್ಲಿಲ್ಲ. ನಿಮಗೆ ಎಂತಾದ್ರೂ ಆಗ್ತದಾ ನೋಡಿ."

ಅಲಿ ಕುಂಞಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಮೈಕ್ ಟೆಸ್ಟಿಂಗಿನಷ್ಟೇ. ಹಸನಬ್ಬನ ಬಾಯಿ ಮುಚ್ಚಿಸಲೆಂದು ಮಧ್ಯಾಹ್ನ ಊಟವಾದ ಮೇಲೆ ರೆಕಾರ್ಡು ಹಾಕಿದ. ಏನೋ ಕಿರುಚಾಟ ಬರುತ್ತದೆಂದು ಕಿವಿ ಗಟ್ಟಿ ಮಾಡಿ ಕುಳಿತಿದ್ದ. ಬಂದದ್ದು ಬರಿಯ ಗಾಳಿಯ ಸದ್ದು. ಅದರೊಳಗಿಂದ ಮೆಲ್ಲನೆ ಒಂದು ಕೊಳಲು. ಸ್ವಲ್ಪ ಹೊತ್ತಿಗೆ ಇಗರ್ಜಿಯಲ್ಲಿ ನುಡಿಸುವಂಥ ಆರ್ಗನ್ನು ಬೇರೆಯದೇ ಒಂದು ರಾಗ ಹಿಡಿದುಕೊಂಡು ಬಂತು. ಎರಡೂ ತಮ್ಮ ತಮ್ಮ ಪಾಡಿಗೆ ಹರಿಯುತ್ತಾ ಹರಿಯುತ್ತಾ, ಯಾವುದೋ ಒಂದು ತಿರುವಿನಲ್ಲಿ ಕೂಡಿಕೊಂಡುಬಿಟ್ಟವು. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ನೇತ್ರಾವತಿಗೆ ಸೇರುವುದನ್ನು ಅವನು ಎಷ್ಟೋ ಸಲ ಸೇತುವೆಯ ಹತ್ತಿರ ನಿಂತು ನೋಡಿದವನು. ಅದನ್ನು ಕಿವಿಯಲ್ಲಿ ನೋಡುವುದಕ್ಕಾಗುತ್ತದೆ ಎಂದು ಗೊತ್ತಿರಲಿಲ್ಲ. ಆಮೇಲೆ ಡ್ರಮ್ಮು ಬಂತು, ಗಿಟಾರು ಬಂತು, ಹಾಡುವವನು ಬಂದು ನಾಲ್ಕು ಸಾಲು ಹೇಳಿ ಹೋದ. ಪದ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಎದ್ದಿತು. ನಿಜವಾಗಿ ಮುಗಿದಾಗ ಅವನ ಕಣ್ಣಲ್ಲಿ ನೀರಿತ್ತು. ಹಸನಬ್ಬ ಗೊರಕೆ ಹೊಡೆಯುತ್ತಿದ್ದ.

ಆಸೆ ಹುಟ್ಟಿದ್ದು ಅಲ್ಲಿಂದ. ಇಷ್ಟು ಒಳ್ಳೆಯ ಪದವನ್ನು ಒಬ್ಬನೇ ಕೇಳಿ ಅವನಿಗೆ ತೃಪ್ತಿಯಾಗಲಿಲ್ಲ. ಇನ್ನೊಬ್ಬರು ಯಾರಾದರೂ, ಒಬ್ಬರೇ ಆದರೂ ಸಾಕು, ಮೊದಲಿನಿಂದ ಕಡೆಯವರೆಗೆ ತನ್ನ ಜೊತೆ ಕೂತು ಕೇಳಬೇಕು. ಸಾಧ್ಯವಾದರೆ ಹಾರ್ನಿನಲ್ಲಿ, ಗುಡ್ಡಕ್ಕೆಲ್ಲ ಕೇಳುವ ಹಾಗೆ. ಕೇಳಿ 'ಹೌದು ಮಾರಾಯ' ಅನ್ನಬೇಕು. ಇಷ್ಟೇ. ಆದರೆ ಅದಷ್ಟು ಸುಲಭದಲ್ಲಿ ಆಗುವ ಕೆಲಸವಾಗಿರಲಿಲ್ಲ. ಹೆಂಡತಿ ಆಯಿಶಾ ಕೊಳಲು ಮುಗಿಯುವವರೆಗೆ ಕೂತು, "ಇನ್ನೂ ಉಂಟಾ? ಒಲೆಯಲ್ಲಿ ಮೀನು ಉಂಟು" ಎಂದು ಎದ್ದಳು. ಬೋಜ ಆರ್ಗನ್ನಿನವರೆಗೆ ತಾಳಿಕೊಂಡ. "ಸಾಹೇಬ್ರೆ, ಇದು ಪದವಾ, ಜೀಪು ಸ್ಟಾರ್ಟ್ ಆಗದೆ ಕೊಸರಾಡುದಾ?" ಎಂದು ಕೇಳಿದ.

ಮನೆ ಒಕ್ಕಲೊಂದರಲ್ಲಿ ಧೈರ್ಯ ಮಾಡಿ ಹಾಕಿದರೆ, ಗಾಳಿಯ ಸದ್ದಿಗೇ ಮನೆಯವರು ಓಡಿ ಬಂದು "ಎಂತ, ಮೈಕ್ ಹಾಳಾಯ್ತಾ?" ಎಂದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ತರರು ದೂರದಿಂದಲೇ ಕೈ ಬೀಸಿ ನಿಲ್ಲಿಸಿದರು. ಸುದ್ದಿ ಸುತ್ತಲಿನ ಊರಿಗೆಲ್ಲ ಹರಡಿತು. ಮೈಕ್ ಹೇಳಲು ಬಂದವರು ತಾರೀಕು ಹೇಳುವ ಮೊದಲು "ಆ ಇಂಗ್ಲಿಷ್ ಮಾತ್ರ ಬೇಡ" ಎನ್ನತೊಡಗಿದರು.

ಇಲ್ಲೊಂದು ವಿಷಯ ಹೇಳಲೇಬೇಕು. ಮದುವೆ ಮನೆಯಲ್ಲಾದರೆ ಅಲಿ ಕುಂಞಿಯನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಅದಕ್ಕೆ ಕಾರಣ ಅವನೇ ಹುಟ್ಟಿಸಿದ ಒಂದು ನಿಯಮ. ಹಿಂದೊಮ್ಮೆ ಒಂದು ಮದುವೆಯಲ್ಲಿ ಪಡ್ಡೆ ಹುಡುಗರು ಆ ಹಾಡು ಹಾಕಿ, ಈ ಹಾಡು ಹಾಕಿ ಎಂದು ಹೇಳಿ ಹೇಳಿ, ತಾವೇ ಕೈ ಹಾಕಿ ಮುಳ್ಳು ಎತ್ತಿ ಎತ್ತಿ ಒಂದು ಹೊಸ ರೆಕಾರ್ಡಿಗೆ ಗೀರು ಬೀಳಿಸಿದ್ದರು. ಸಿಟ್ಟು ನೆತ್ತಿಗೇರಿ ಅಲಿ ಕುಂಞಿ, "ಮದುವೆ ಮನೆಯಲ್ಲಿ ಪದವನ್ನು ಅರ್ಧದಲ್ಲಿ ನಿಲ್ಲಿಸಬಾರ್ದು, ಮದುಮಕ್ಕಳಿಗೆ ಒಳ್ಳೆದಲ್ಲ" ಎಂದುಬಿಟ್ಟ. ಹೇಳಿದ ಮರುಕ್ಷಣ ಅವನಿಗೇ ನಗು ಬಂದಿತ್ತು. ಆದರೆ ಅಲ್ಲಿದ್ದ ಚೆನ್ನು ಅಜ್ಜಿ "ಹೌದು ಹೌದು, ನಮ್ಮ ಹಿರಿಯರು ಸಹ ಹೇಳ್ತಿದ್ರು" ಎಂದು ಮುದ್ರೆ ಒತ್ತಿದಳು. ಹಿರಿಯರ ಕಾಲದಲ್ಲಿ ಮೈಕೇ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಒಂದೆರಡು ವರ್ಷಗಳಲ್ಲಿ ಅದು ಕಡಬದಿಂದ ಸುಳ್ಯದವರೆಗೆ ಶಾಸ್ತ್ರವೇ ಆಗಿಹೋಯಿತು. ಊಟದ ಪಂಕ್ತಿ ಮುಗಿಯುವಾಗ ಮನೆಯ ಯಜಮಾನರು ಮೈಕಿನಲ್ಲಿ ಎರಡು ಉಪಚಾರದ ಮಾತು ಹೇಳುವುದು ರೂಢಿ. ಆ ಮಾತಾದ ಮೇಲೆಯೇ ಪಂಕ್ತಿ ಏಳುವುದು. ಈಗ ಆ ಯಜಮಾನರೂ ನಡೆಯುತ್ತಿರುವ ಹಾಡು ಮುಗಿಯುವವರೆಗೆ ಕೈಕಟ್ಟಿ ಕಾಯಬೇಕಾಗಿ ಬಂತು.

ಹೀಗಿರುವಾಗ ಯಾವುದಾದರೂ ಮದುವೆಯಲ್ಲಿ ಮುಳ್ಳು ಇಟ್ಟುಬಿಟ್ಟರೆ ಆಯಿತಲ್ಲ? ಬೋಜನೇ ಒಮ್ಮೆ ಹಾಗೆ ಹೇಳಿಕೊಟ್ಟಿದ್ದ. ಅಲಿ ಕುಂಞಿ ಒಪ್ಪಲಿಲ್ಲ. ನಂಬಿ ಕರೆದವರ ಮನೆಯ ಶುಭಕಾರ್ಯದಲ್ಲಿ, ಅವರು ಬೇಡವೆಂದದ್ದನ್ನು ಕದ್ದು ಹಾಕುವುದು ಅವನಿಂದಾಗದು. ಕೇಳಿದರೆ ಮನಸ್ಸಿಟ್ಟು ಕೇಳಬೇಕು, ಸಿಕ್ಕಿಬಿದ್ದು ಕೇಳುವುದು ಎಂಥ ಕೇಳುವುದು? ಆದರೂ ಎಲ್ಲಿಗೆ ಹೋಗುವಾಗಲೂ ಆ ತಿಮಿಂಗಿಲದ ರೆಕಾರ್ಡು ಪೆಟ್ಟಿಗೆಯ ತಳದಲ್ಲಿ ಇರುತ್ತಿತ್ತು.

ಆ ವರ್ಷ ಎಪ್ರಿಲ್ ತಿಂಗಳಲ್ಲಿ ಕೋಡಿಂಬಾಳದ ತ್ಯಾಂಪಣ್ಣ ರೈಗಳ ಮಗಳು ಸೀತುವಿನ ಮದುವೆ. ಗಂಡು ಸಂಪಾಜೆಯ ಕಡೆಯವನು. ರೈಗಳು ಒಳ್ಳೆಯವರು, ಆದರೆ ಮರ್ಯಾದೆಯ ವಿಷಯದಲ್ಲಿ ತುಂಬಾ ಸೂಕ್ಷ್ಮ. ಅದರ ಮೇಲೆ ಗಂಡಿನ ಸೋದರಮಾವ ಕಿಟ್ಟಣ್ಣ ಶೆಟ್ಟರೆಂದರೆ ಅವರಿಗೆ ಒಳಗೊಳಗೇ ನಡುಕ. ನಿಶ್ಚಯದ ದಿನ ಮಜ್ಜಿಗೆಗೆ ಶುಂಠಿ ಹಾಕಿರಲಿಲ್ಲ ಎಂಬುದನ್ನು ಈ ಶೆಟ್ಟರು ಸಂಪಾಜೆಯ ಮನೆ ಮನೆಗೂ ತಲುಪಿಸಿದ್ದರು.

"ನೋಡು ಅಲಿ ಕುಂಞಿ" ಎಂದಿದ್ದರು ರೈಗಳು ಮೈಕ್ ಹೇಳಲು ಬಂದಾಗ. "ನಿನ್ನ ಆ ಇಂಗ್ಲಿಷ್ ಏನಾದ್ರೂ ನಮ್ಮ ಚಪ್ಪರದಲ್ಲಿ ಬಂತೋ, ಹಾರ್ನು ಸಮೇತ ನಿನ್ನನ್ನು ಹೊಳೆ ದಾಟಿಸ್ತೇನೆ. ಶೆಟ್ರಿಗೆ ಒಂದು ಮಾತು ಹೇಳ್ಲಿಕ್ಕೆ ಎಡೆ ಸಿಗಬಾರ್ದು."

"ಇಲ್ಲ ರೈಗಳೇ, ಮುಟ್ಟುದಿಲ್ಲ" ಎಂದಿದ್ದ ಅಲಿ ಕುಂಞಿ. ಹೇಳುವಾಗ ಬೇಜಾರಾಗಿತ್ತು, ನಿಜ. ಆದರೆ ಹೇಳಿದ ಮೇಲೆ ಮುಗಿಯಿತು.

ಮದುವೆಯ ದಿನ ಧಾರೆಯವರೆಗೆ ಎಲ್ಲವೂ ಸುಸೂತ್ರ. ಗೋಳು ಶುರುವಾದದ್ದು ಆಮೇಲೆ. ಒಂದು ಬಸ್ಸು ದಿಬ್ಬಣ ಎಂದು ಹೇಳಿದ್ದವರು, ಧಾರೆಯ ಹೊತ್ತಿಗೆ ಒಂದು ಬಸ್ಸಿನಲ್ಲಿ ಬಂದು, ಊಟದ ಹೊತ್ತಿಗೆ ಇನ್ನೊಂದು ಬಸ್ಸನ್ನೂ ಎರಡು ಜೀಪುಗಳನ್ನೂ ಇಳಿಸಿದರು. "ಘಾಟಿಯಲ್ಲಿ ಲಾರಿ ಅಡ್ಡ ಬಿದ್ದು ಇವರಿಗೆ ತಡ ಆಯ್ತು, ಇವರೆಲ್ಲ ನಮ್ಮವರೇ" ಎಂದು ಕಿಟ್ಟಣ್ಣ ಶೆಟ್ಟರು ನಗುನಗುತ್ತಾ ಹೇಳಿದರು. ರೈಗಳೂ ನಗುನಗುತ್ತಾ ಕೈಮುಗಿದರು. ಕಣ್ಣು ಮಾತ್ರ ಅಡುಗೆಮನೆಯ ಕಡೆ ಓಡಿತು.

ಮೊದಲ ಪಂಕ್ತಿಯಲ್ಲಿ ಶೆಟ್ಟರೂ ಮೊದಲ ಬಸ್ಸಿನವರೂ ಕುಳಿತರು. ಎರಡನೇ ಬಸ್ಸಿನವರು ಅಂಗಳದ ಕುರ್ಚಿಗಳಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದರು. ಅಲಿ ಕುಂಞಿ ಚಪ್ಪರದ ಮೂಲೆಯಲ್ಲಿ ತನ್ನ ಮೇಜಿನ ಹಿಂದೆ ಕೂತು ಒಂದರ ಹಿಂದೆ ಒಂದು ಸಿನಿಮಾ ಹಾಡು ಹಾಕುತ್ತಿದ್ದ. ಸಾರು ಹೋಯಿತು, ಸಾಂಬಾರು ಹೋಯಿತು, ಪಾಯಸ ಒಂದು ಸುತ್ತು ಬಂತು. ಆಗ ರೈಗಳು ಅಡುಗೆಯ ಮಹಾಗಣಪತಿ ಭಟ್ಟರನ್ನು ಕರೆದುಕೊಂಡು, ಯಾರಿಗೂ ಕಾಣದ ಹಾಗೆ ಅವನ ಮೇಜಿನ ಹಿಂದೆ ಬಂದು ನಿಂತರು.

"ಬಿಳಿ ಬೆಳ್ತಿಗೆ ಅನ್ನ ಪೂರಾ ಮುಗೀತು" ಎಂದರು ಪಿಸುದನಿಯಲ್ಲಿ. "ಮನೆಯಲ್ಲಿ ಇನ್ನು ಇದ್ದದ್ದು ಕೆಂಪು ಕುಚ್ಚಿಲಕ್ಕಿ ಮಾತ್ರ. ಅದನ್ನು ಒಲೆಗೆ ಹಾಕಿ ಆಗಿದೆ."

"ಬೆಂದಾಗಿಲ್ಲ" ಎಂದರು ಭಟ್ಟರು. "ಕುಚ್ಚಿಲಕ್ಕಿ ಅಂದ್ರೆ ಬೇಗ ಬೇಯುವ ಜಾತಿ ಅಲ್ಲ. ಬೆಂಕಿ ಎಷ್ಟು ಹಾಕಿದ್ರೂ ಇನ್ನು ಅರ್ಧ ಗಂಟೆ ಹತ್ತಿರ ಬೇಕು. ನಾನೇ ಒಲೆಯೊಳಗೆ ಕೂತ್ರೂ ಅಷ್ಟೇ."

ಅಷ್ಟರಲ್ಲಿ ಪಂಕ್ತಿ ಎದ್ದರೆ ಆಗುವುದೇನೆಂದು ಮೂವರಿಗೂ ಗೊತ್ತಿತ್ತು. ಎರಡನೇ ಬಸ್ಸಿನವರು ಬಂದು ಕೂರುತ್ತಾರೆ. ಶೆಟ್ಟರು ಕೈ ತೊಳೆದು ತಮ್ಮವರ ಉಪಚಾರ ನೋಡಲು ಹಿಂದೆಯೇ ನಿಲ್ಲುತ್ತಾರೆ. ಎಲೆ ಹಾಕಿ, ಉಪ್ಪು ಹಾಕಿ, ಉಪ್ಪಿನಕಾಯಿ ಹಾಕಿ, ಆಮೇಲೆ ಅನ್ನ ಬರುವುದಿಲ್ಲ. ಮಜ್ಜಿಗೆಯ ಶುಂಠಿಯನ್ನೇ ವರ್ಷವಿಡೀ ಹೇಳಿದವರು ಇದನ್ನು ಸೀತುವಿನ ಮೊಮ್ಮಕ್ಕಳವರೆಗೆ ಹೇಳಿಯಾರು. ಮದುಮಗಳು ನಾಳೆ ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ?

ರೈಗಳು ಸ್ವಲ್ಪ ಹೊತ್ತು ತಿರುಗುವ ರೆಕಾರ್ಡನ್ನೇ ನೋಡಿದರು. "ಅಲಿ ಕುಂಞಿ, ಮದುವೆಯಲ್ಲಿ ಪದ ಅರ್ಧದಲ್ಲಿ ನಿಲ್ಲಿಸ್ಲಿಕ್ಕಿಲ್ಲ ಅಲ್ವಾ?"

"ಇಲ್ಲ" ಎಂದ ಅಲಿ ಕುಂಞಿ, ಎಲ್ಲೋ ನೋಡುತ್ತಾ.

"ಪದ ಮುಗಿಯದೆ ನಾನು ಮೈಕಿನಲ್ಲಿ ಮಾತಾಡ್ಲಿಕ್ಕಿಲ್ಲ. ನಾನು ಮಾತಾಡದೆ ಪಂಕ್ತಿ ಏಳ್ಲಿಕ್ಕಿಲ್ಲ." ರೈಗಳು ಅವನ ಹೆಗಲು ಹಿಡಿದರು. "ನಿನ್ನ ಹತ್ರ ಇರುವುದರಲ್ಲಿ ಅತೀ ಉದ್ದದ ಪದ ಯಾವುದು ಮಾರಾಯ?"

ಅಲಿ ಕುಂಞಿಯ ಕಣ್ಣು ಪೆಟ್ಟಿಗೆಯ ತಳಕ್ಕೆ ಹೋಯಿತು. "ಒಂದುಂಟು. ಆದ್ರೆ ನೀವು ಬೇಡ ಹೇಳಿದ್ದು."

"ನಾನು ಹೇಳಿದ್ದು ಹೊಳೆಗೆ ಹೋಗ್ಲಿ. ಹಾಕು!"

ಪೆಟ್ಟಿಗೆಯ ತಳದಿಂದ ತಿಮಿಂಗಿಲ ಮೇಲೆ ಬಂತು. ಅಲಿ ಕುಂಞಿ ರೆಕಾರ್ಡನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿದ, ತಿರುಗುವ ವೇಗ ಸರಿ ಮಾಡಿದ, ಬಿಸ್ಮಿ ಹೇಳಿ ಮುಳ್ಳು ಇಟ್ಟ. ಹಲಸಿನ ಮರದ ಮೇಲಿನಿಂದ ಕೋಡಿಂಬಾಳದ ಗುಡ್ಡಗಳ ಮೇಲೆ ಗಾಳಿ ಬೀಸಿತು. ಪಂಕ್ತಿಯಲ್ಲಿ ಕೆಲವರು ತಲೆ ಎತ್ತಿ ಚಪ್ಪರದ ಮಾಡು ನೋಡಿದರು. ಮಳೆ ಬರುತ್ತದೆಂದು ಒಬ್ಬಳು ಹೊರಗೆ ಒಣಗಲು ಹಾಕಿದ್ದ ಬಟ್ಟೆಯ ಕಡೆ ಓಡಿದಳು. ಆಮೇಲೆ ಕೊಳಲು.

"ಪಾಯಸ ತನ್ನಿ, ಇನ್ನೊಂದು ಸುತ್ತು" ಎಂದು ಭಟ್ಟರು ಅಡುಗೆಮನೆಯ ಕಡೆ ಧಾವಿಸಿದರು. ಪಾಯಸ ಬೇಕಾದಷ್ಟಿತ್ತು.

"ಎಂತ ಪದ ಇದು?" ಪಂಕ್ತಿಯ ನಡುವಿನಿಂದ ಕಿಟ್ಟಣ್ಣ ಶೆಟ್ಟರು ಕೇಳಿದರು.

"ನಿಮ್ಮ ಕಡೆಯವರು ಬರ್ತಾರೆ ಅಂತಲೇ ತರಿಸಿದ್ದು ಶೆಟ್ರೆ" ಎಂದರು ರೈಗಳು ಕಣ್ಣು ಮಿಟುಕಿಸದೆ. "ಹಡಗಿನಲ್ಲಿ ಬಂದದ್ದು. ಇಂಗ್ಲೆಂಡಿನದ್ದು."

"ಹಾಗಾ!" ಶೆಟ್ಟರು ಬೆನ್ನು ನೆಟ್ಟಗೆ ಮಾಡಿ, ಸುತ್ತಲಿನವರನ್ನು ಒಮ್ಮೆ ನೋಡಿ, ಇಂಥದ್ದೆಲ್ಲ ತಮಗೆ ಮಾಮೂಲು ಎನ್ನುವವರ ಹಾಗೆ ತಲೆದೂಗತೊಡಗಿದರು. ತಲೆ ಒಂದು ಕಡೆ, ತಾಳ ಇನ್ನೊಂದು ಕಡೆ.

ರೈಗಳು ಮೈಕಿನ ಮೇಜು ಬಿಟ್ಟು ಕದಲಲಿಲ್ಲ. ಪದ ಯಾವ ಗಳಿಗೆಯಲ್ಲಿ ಮುಗಿಯುತ್ತದೋ ಎಂದು ಅವರ ಜೀವ ಬಾಯಿಗೆ ಬಂದಿತ್ತು. ಕೊಳಲು ಸಣ್ಣಗಾದರೆ ಸಾಕು, "ಮುಗೀತಾ?" ಎನ್ನುವರು. "ಇಲ್ಲ ರೈಗಳೇ, ಈಗ ಆರ್ಗನ್ ಬರ್ತದೆ ನೋಡಿ" ಎನ್ನುವನು ಅಲಿ ಕುಂಞಿ. ಆರ್ಗನ್ ಬರುತ್ತಿತ್ತು. "ಇದು ಒಂದು ಕಡೆ, ಅದು ಒಂದು ಕಡೆ ಹೋಗ್ತಾ ಉಂಟಲ್ಲ?" ಎಂದು ರೈಗಳು ಆತಂಕದಿಂದ ಕೇಳಿದರು. "ಕೂಡ್ತದೆ. ಸ್ವಲ್ಪ ತಾಳಿ." ಕೂಡಿತು. ರೈಗಳು ಉಸಿರು ಬಿಟ್ಟರು.

ಡ್ರಮ್ಮು ಬಂದಾಗ ಪಂಕ್ತಿಯ ತುದಿಯಲ್ಲಿದ್ದ ಯಾರೋ ತೊಡೆಯ ಮೇಲೆ ತಾಳ ಹಾಕಿದರು, ತಪ್ಪಿದರು, ಮತ್ತೆ ಹಿಡಿದರು. ಬಡಿಸುವ ಹುಡುಗಿಯರು ಪಾಯಸದ ಸೌಟು ಹಿಡಿದು ನಗುತ್ತಿದ್ದರು. ಹಾಡುವವನು ಬಂದು ತನ್ನ ನಾಲ್ಕು ಸಾಲು ಹೇಳಿ ಹೋದ. ಗಿಟಾರು ಎತ್ತರಕ್ಕೆ ಏರಿ, ಏರಿ, ಒಮ್ಮೆಗೇ ನಿಂತುಬಿಟ್ಟಿತು. ಚಪ್ಪರವೆಲ್ಲ ನಿಶ್ಶಬ್ದ. ಕಿಟ್ಟಣ್ಣ ಶೆಟ್ಟರು ಏಳುವುದಕ್ಕೆಂದು ಎಡಗೈ ನೆಲಕ್ಕೆ ಊರಿದರು. ರೈಗಳು ಅಲಿ ಕುಂಞಿಯ ಅಂಗಿ ಹಿಡಿದುಕೊಂಡರು.

"ಮುಗಿಯಲಿಲ್ಲ" ಎಂದ ಅಲಿ ಕುಂಞಿ.

ರೆಕಾರ್ಡಿನೊಳಗೆ ಒಂದು ಗಂಟೆ ಢಣ್ ಎಂದಿತು. ಅದರ ಹಿಂದೆಯೇ ಪದ ಮತ್ತೆ ಎದ್ದಿತು. ಶೆಟ್ಟರು ಊರಿದ ಕೈ ಹಿಂದೆ ತೆಗೆದು, ಏನೂ ಆಗಿಲ್ಲವೆಂಬಂತೆ ಕೂತು, "ಇಂಗ್ಲೆಂಡಿನದ್ದೆಲ್ಲ ಹಾಗೇ" ಎಂದು ಪಕ್ಕದವರಿಗೆ ವಿವರಿಸಿದರು. ಪಕ್ಕದವರ ಕೈ ಒಣಗಿ ಎಲೆಯೂ ಬಾಡಿತ್ತು, ಆದರೂ ಹೌದೆಂದರು. ಅಂಗಳದಲ್ಲಿ ಕಾಯುತ್ತಿದ್ದ ಎರಡನೇ ಬಸ್ಸಿನವರು ಕುರ್ಚಿಗಳನ್ನು ಹಲಸಿನ ಮರದ ಕಡೆಗೆ ತಿರುಗಿಸಿಕೊಂಡು, ಅಲ್ಲಿ ಯಾರೋ ಕೂತು ಕಥೆ ಹೇಳುತ್ತಿದ್ದಾರೇನೋ ಎಂಬಂತೆ ಹಾರ್ನಿನ ಬಾಯಿ ನೋಡುತ್ತಿದ್ದರು.

ಆಮೇಲೆ ರೈಗಳು "ಮುಗೀತಾ" ಎಂದು ಕೇಳುವುದನ್ನು ಬಿಟ್ಟರು. ಅಲಿ ಕುಂಞಿ ಅದನ್ನು ಮೊದಲು ಗಮನಿಸಲಿಲ್ಲ. ಅವನ ಕಣ್ಣು ಮುಳ್ಳಿನ ಮೇಲೆ, ಬ್ಯಾಟರಿಯ ಮೇಲೆ, ಅಡುಗೆಮನೆಯ ಹೊಗೆಯ ಮೇಲೆ. ಪಕ್ಕಕ್ಕೆ ತಿರುಗಿದಾಗ ರೈಗಳು ಮೇಜಿಗೆ ಒರಗಿ ನಿಂತಿದ್ದರು. ಅಷ್ಟೊಂದು ಗಮನ ಕೊಟ್ಟು ಆ ಪದವನ್ನು ಕೇಳಿದವರು ಇಂಗ್ಲೆಂಡಿನಲ್ಲಿಯೂ ಇದ್ದಾರೋ ಇಲ್ಲವೋ. ಮೊದಲು ಭಯಕ್ಕೆ ಕೇಳುತ್ತಿದ್ದ ಮನುಷ್ಯ, ಈಗ ಎಲ್ಲಿಗೋ ಹೋಗಿದ್ದರು. ಕೊಳಲು ಮತ್ತೆ ಬರುವ ಮೊದಲೇ ಅವರ ಬೆರಳು ಮೇಜಿನ ಮೇಲೆ ಅದಕ್ಕೆ ದಾರಿ ಮಾಡಿಕೊಡುತ್ತಿತ್ತು. ರೈಗಳು ಎಚ್ಚರಾದಾರೆಂದು ಅಲಿ ಕುಂಞಿ ಕುರ್ಚಿಯನ್ನೂ ಅಲ್ಲಾಡಿಸದೆ ಕೂತ.

ಅಡುಗೆಮನೆಯ ಬಾಗಿಲಲ್ಲಿ ಭಟ್ಟರು ಕಾಣಿಸಿಕೊಂಡು ಎರಡೂ ಕೈ ಮೇಲೆತ್ತಿದರು. ಅವರ ಹಿಂದೆ ಬಿದಿರಿನ ಕುಕ್ಕೆಯಲ್ಲಿ ಹಬೆಯಾಡುವ ಕುಚ್ಚಿಲಕ್ಕಿ ಅನ್ನ. ಅಲಿ ಕುಂಞಿ ಕಣ್ಣಿನಲ್ಲೇ ರೈಗಳಿಗೆ ತೋರಿಸಿದ. ರೈಗಳು ನೋಡಿದರು, ತಲೆಯಾಡಿಸಿದರು, ಮತ್ತೆ ಮರದ ಕಡೆ ಮುಖ ಮಾಡಿದರು.

ಪದ ಕೊನೆಗೆ ಬಂತು. ಆರ್ಗನ್ನು ಹಿಂದೆ ಸರಿಯಿತು, ಕೊಳಲು ಒಂದೇ ಉಳಿಯಿತು, ಆಮೇಲೆ ಬರೀ ಗಾಳಿ. ಅದೂ ಹೋಯಿತು. ಪಂಕ್ತಿಯಲ್ಲಿ ಯಾರೂ ಅಲ್ಲಾಡಲಿಲ್ಲ, ಇನ್ನೊಮ್ಮೆ ಮೋಸ ಹೋಗಲು ಯಾರೂ ತಯಾರಿರಲಿಲ್ಲ. ಅಲಿ ಕುಂಞಿ ಮುಳ್ಳು ಎತ್ತಿ, ಒದ್ದೆಯಾದ ಕಣ್ಣನ್ನು ಅಂಗಿಯ ತೋಳಿಗೆ ಒರೆಸಿಕೊಂಡು ಮೈಕನ್ನು ರೈಗಳ ಕೈಗೆ ಕೊಟ್ಟ.

ರೈಗಳು ಮೈಕನ್ನು ಬಾಯಿಯ ಹತ್ತಿರ ಹಿಡಿದರು. ಅಂಗೈಯಿಂದ ಅದನ್ನು ಮುಚ್ಚಿಕೊಂಡು ಅಲಿ ಕುಂಞಿಯ ಕಡೆ ಬಗ್ಗಿದರು.

"ಇದರ ಹಿಂದಿನ ಬದಿಯಲ್ಲಿ ಎಂತ ಉಂಟು?"

ಅಲಿ ಕುಂಞಿ ಗಾಬರಿಯಾದ. "ಯಾಕೆ ರೈಗಳೇ, ಅನ್ನ ಬಂತಲ್ಲ? ಸಾಲುದಿಲ್ವಾ?"

"ಸಾಕಾಗಿ ಉಳೀತದೆ" ಎಂದರು ತ್ಯಾಂಪಣ್ಣ ರೈಗಳು. "ಅನ್ನಕ್ಕಲ್ಲ ಮಾರಾಯ ನಾನು ಕೇಳಿದ್ದು."